ಕ್ಯಾಂಪಸ್ ನಕ್ಷೆ ಬರೆಸುವ ಮೊದಲು ನಗರ ಯೋಜನೆಯ ನಿಯಮ ಓದುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ವಿಶ್ವವಿದ್ಯಾಲಯಕ್ಕೆ ಹೊಸ ಕಟ್ಟಡ ಬೇಕೆಂದಾಗ ಆಡಳಿತ ಮಂಡಳಿಯವರು ಮೊದಲು ವಾಸ್ತುಶಿಲ್ಪಿಯನ್ನು ಕರೆಸುತ್ತಾರೆ. ನನ್ನ ಮಟ್ಟಿಗೆ ಮೊದಲು ತರಿಸಬೇಕಾದದ್ದು ಪಹಣಿ, ಸರ್ವೆ ನಕ್ಷೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಮಹಾ ಯೋಜನೆಯ (ಮಾಸ್ಟರ್ ಪ್ಲಾನ್) ಹಾಳೆ. ಈ ನಕ್ಷೆಗಳನ್ನು ಒಂದೇ ಅಳತೆಗೆ ತಂದು ಒಂದರ ಮೇಲೊಂದಿಟ್ಟು ನೋಡಿದರೆ, ಜಮೀನು ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಬಳಕೆಯ ವಲಯದಲ್ಲಿದೆಯೋ ಕೃಷಿ ವಲಯದಲ್ಲಿದೆಯೋ, ಅದರ ಮೇಲೆ ಪ್ರಸ್ತಾವಿತ ರಸ್ತೆ ಅಥವಾ ಹಳ್ಳ ಹಾದಿದೆಯೋ ಎಂಬುದು ತಿಳಿಯುತ್ತದೆ. ಹಳ್ಳದ ಬದಿಯ ಮೀಸಲು ಪಟ್ಟಿಯನ್ನು ಗಿಡಮರಗಳಿಗೇ ಬಿಡಿ.

ಜಮೀನಿನ ವಲಯ ಕಟ್ಟಡದ ಉದ್ದೇಶಕ್ಕೆ ಹೊಂದದಿದ್ದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮಿನಡಿ ಭೂಬಳಕೆಯ ಬದಲಾವಣೆ ಕೋರಬೇಕು. ಇದನ್ನು ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆಯೊಂದಿಗೆ ಬೆರೆಸಬಾರದು. ಎನ್‌ಎ, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವುದು, ಆಯಿತೆಂದ ಮಾತ್ರಕ್ಕೆ ಕಟ್ಟಡದ ಪರವಾನಗಿ ಸಿಕ್ಕಂತಲ್ಲ.

ಕ್ಯಾಂಪಸ್ಸಿನ ರೂಪವನ್ನು ನಿಜಕ್ಕೂ ತಿದ್ದುವುದು ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣಕ್ಕೆ ಒಟ್ಟು ಮಹಡಿಗಳ ವಿಸ್ತೀರ್ಣದ ಅನುಪಾತ. ಉದಾಹರಣೆಗೆ, 10 ಎಕರೆ ಎಂದರೆ ಸುಮಾರು 40,470 ಚದರ ಮೀಟರ್, ಅನುಪಾತ 1.5 ಎಂದಿಟ್ಟುಕೊಂಡರೆ ಸುಮಾರು 60,700 ಚದರ ಮೀಟರ್ ಕಟ್ಟಬಹುದು. ಹಳೆಯ ಕಟ್ಟಡಗಳು ಆಗಲೇ 35,000 ನುಂಗಿದ್ದರೆ ಉಳಿದದ್ದು 25,700 ಮಾತ್ರ, ಆದ್ದರಿಂದ ಇಂದು ತರಾತುರಿಯಲ್ಲಿ ಎಬ್ಬಿಸುವ ಒಂದಂತಸ್ತಿನ ಶೆಡ್ಡು ಕೂಡ ನಾಳಿನ ಗ್ರಂಥಾಲಯದ ಪಾಲನ್ನೇ ತಿನ್ನುತ್ತದೆ. ಈ ಅನುಪಾತ ಎದುರಿನ ರಸ್ತೆಯ ಅಗಲವನ್ನೂ ಅವಲಂಬಿಸುವುದರಿಂದ, ರಸ್ತೆಯ ಅಗಲವನ್ನು ಸ್ಥಳದಲ್ಲೇ ಅಳೆಸಿ ಬರೆದಿಟ್ಟುಕೊಳ್ಳಿ.

ಜಾಗದ ಗುಣವೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಲ್ಲಿಗವಾಡದ ಬಳಿ ಸುಮಾರು 470 ಎಕರೆಯಲ್ಲಿರುವ ಧಾರವಾಡ ಐಐಟಿಯಂಥ ಕಡೆ ಒಳರಸ್ತೆ, ನೀರು, ಕೊಳಚೆ ಶುದ್ಧೀಕರಣ ಮೊದಲ ಚಿಂತೆಯಾಗುತ್ತವೆ. 1947ರಲ್ಲಿ ಆರಂಭವಾದ ಬಿವಿಬಿ ಕಾಲೇಜು ಬೆಳೆದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾದ ಹುಬ್ಬಳ್ಳಿಯ ವಿದ್ಯಾನಗರದಂಥ ತುಂಬಿದ ಬಡಾವಣೆಯಲ್ಲಾದರೋ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ), ಪಾರ್ಕಿಂಗ್ ಮತ್ತು ಗೇಟಿನ ಜಾಗವೇ ಪ್ರಶ್ನೆ. ರಸ್ತೆಯ ನಡುವೆ ಬಿಆರ್‌ಟಿಎಸ್ ಪಥ, ಅಂದರೆ ತ್ವರಿತ ಬಸ್ಸುಗಳಿಗೇ ಮೀಸಲಾದ ದಾರಿ, ಇದ್ದರೆ ವಾಹನಗಳು ಬೇಕಾದಲ್ಲಿ ತಿರುಗಲಾರವು. ಗೇಟನ್ನು ಜಂಕ್ಷನ್ ನೋಡಿಯೇ ಇಡಬೇಕು.

ನಿರ್ಮಾಣದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುವ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಡಿ ಪೂರ್ವಾನುಮತಿ ಪಡೆಯುವ ಪ್ರಶ್ನೆಯೂ ಏಳುತ್ತದೆ. ಹಾಸ್ಟೆಲ್ಲನ್ನು ಬೇರೆ ಕಡತದಲ್ಲಿ ತೋರಿಸಿ ಈ ಅಂಕಿಯಿಂದ ನುಣುಚಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಇಡೀ ಕ್ಯಾಂಪಸ್ಸಿಗೆ ಒಂದೇ ನಿವೇಶನ ನಕ್ಷೆ ಇಟ್ಟು, ಪ್ರತಿ ಪರವಾನಗಿಯ ಸಂಖ್ಯೆ, ದಿನಾಂಕ ಮತ್ತು ಉಳಿದ ಎಫ್‌ಎಆರ್ ಅನ್ನು ಅದರಲ್ಲೇ ಬರೆಯುತ್ತ ಹೋಗಿ.