ಮಲಸಾದಾ: ಹಿಟ್ಟು ಅಂಟುತ್ತದೆಂದು ಹೆದರಬೇಡಿ

ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ಮತ್ತು ಮದೇರಾ ದ್ವೀಪಗಳಲ್ಲಿ, ಕ್ರೈಸ್ತರ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಹಿಂದಿನ ದಿನ ಮಲಸಾದಾ ಎಂಬ, ಈಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟಿನ ಸಿಹಿ ತಿಂಡಿಯನ್ನು ಕರಿಯುವ ವಾಡಿಕೆಯಿದೆ. ವ್ರತದ ದಿನಗಳು ಬರುವ ಮೊದಲು ಮನೆಯಲ್ಲಿರುವ ಬೆಣ್ಣೆ, ಮೊಟ್ಟೆ, ಹಂದಿಕೊಬ್ಬು, ಸಕ್ಕರೆಗಳನ್ನು ಬಳಸಿ ಮುಗಿಸಬೇಕಿತ್ತು. 1878ರಿಂದ ಕಬ್ಬಿನ ತೋಟಗಳ ಕೆಲಸಕ್ಕೆಂದು ಹವಾಯಿಗೆ ಹೋದ ಈ ದ್ವೀಪವಾಸಿಗಳು ತಿಂಡಿಯನ್ನೂ ಜೊತೆಗೆ ಒಯ್ದರು. ಅಲ್ಲಿನ ಬೇಕರಿಗಳಲ್ಲಿ ಅದೀಗ ಉಂಡೆಯಾಗಿ, ಕೆಲವೊಮ್ಮೆ ಹೊಟ್ಟೆಯೊಳಗೆ ಕಸ್ಟರ್ಡ್ ತುಂಬಿಕೊಂಡು ಸಿಗುತ್ತದೆ. ಇಲ್ಲಿ ವಿವರಿಸಿರುವುದು ಅಜೋರ್ಸ್‌ನ ಹಳೆಯ ರೀತಿಯ, ನಡುವೆ ತೆಳ್ಳಗೂ ಅಂಚಿನಲ್ಲಿ ದಪ್ಪಗೂ ಇರುವಂತೆ ಕೈಯಲ್ಲೇ ಎಳೆದು ಕರಿಯುವ ಮಲಸಾದಾ.

ಸುಮಾರು ಹದಿನೈದು ಮಲಸಾದಾಗಳಿಗೆ 500 ಗ್ರಾಂ ಮೈದಾ, 3 ಮೊಟ್ಟೆ, 220ರಿಂದ 250 ಮಿ.ಲೀ. ಹಾಲು, ಸಕ್ಕರೆ ಮತ್ತು ಬೆಣ್ಣೆ ತಲಾ 60 ಗ್ರಾಂ, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, ಒಂದು ಸಣ್ಣ ಚಮಚ ಉಪ್ಪು ಸಾಕು. ನಿಂಬೆ ಸಿಪ್ಪೆಯ ತುರಿಯನ್ನು ಮಾತ್ರ ಬಿಡಬಾರದು. ನಮ್ಮ ತೆಳುಸಿಪ್ಪೆಯ ನಿಂಬೆಯಾದರೆ ಎರಡು ಹಣ್ಣು ಬೇಕು, ತುರಿಯುವಾಗ ಒಳಗಿನ ಕಹಿ ಬಿಳಿಭಾಗ ಬರದಂತೆ ನೋಡಿಕೊಳ್ಳಬೇಕು. ದ್ವೀಪದವರು ಒಂದು ಚಮಚ ಅಗ್ವಾರ್ದೆಂತೆ ಎಂಬ ಭಟ್ಟಿ ಸಾರಾಯಿಯನ್ನೂ ಹಾಕುವುದುಂಟು, ಅದಿಲ್ಲದಿದ್ದರೂ ನಡೆಯುತ್ತದೆ.

ಹಾಲನ್ನು ಬೆರಳಿಗೆ ಹಿತವಾಗುವಷ್ಟು ಮಾತ್ರ ಬೆಚ್ಚಗೆ ಮಾಡಿ, ಏಕೆಂದರೆ ಸುಡುವ ಹಾಲಿನಲ್ಲಿ ಈಸ್ಟ್ ಸತ್ತುಹೋಗುತ್ತದೆ. ಮೈದಾ, ಸಕ್ಕರೆ, ಉಪ್ಪು, ಈಸ್ಟ್ ಮತ್ತು ಸಿಪ್ಪೆಯ ತುರಿಯನ್ನು ಕಲೆಸಿ, ನಡುವೆ ಗುಂಡಿ ಮಾಡಿ, ಕದಡಿದ ಮೊಟ್ಟೆಯನ್ನೂ 220 ಮಿ.ಲೀ. ಹಾಲನ್ನೂ ಸುರಿದು ನಾದಬೇಕು. ಹಿಟ್ಟು ಒಂದುಗೂಡಿದ ಮೇಲೆ ಮೆತ್ತಗಾದ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಹಿಟ್ಟು ಇನ್ನೂ ಬಿಗಿಯೆನಿಸಿದರೆ ಉಳಿದ ಹಾಲನ್ನು ಹಾಕಿ, ಹತ್ತು ಹನ್ನೆರಡು ನಿಮಿಷ ನಾದುತ್ತಿರಿ.

ಆರಂಭದಲ್ಲಿ ಹಿಟ್ಟು ಬೆರಳಿಗೆಲ್ಲ ಮೆತ್ತಿಕೊಂಡು ರೇಗಿಸುತ್ತದೆ. ನಾನು ಮೊದಲ ಸಲ ಅದಕ್ಕೆ ಹೆದರಿ ಇನ್ನೆರಡು ಹಿಡಿ ಮೈದಾ ಸುರಿದಿದ್ದೆ. ಎಣ್ಣೆಯಿಂದ ಮೇಲೆ ಬಂದದ್ದು ಜಗಿದಷ್ಟೂ ಮುಗಿಯದ ಬ್ರೆಡ್ಡು. ಹಿಟ್ಟು ಒಬ್ಬಟ್ಟಿನ ಕಣಕದಂತೆ ಎಳೆದರೆ ಹರಿಯದೆ ಬಳುಕಬೇಕು, ಪಾತ್ರೆಯ ಬದಿಯನ್ನು ಬಿಟ್ಟರೂ ತಳಕ್ಕೆ ತುಸು ಅಂಟಿಕೊಂಡೇ ಇರಬೇಕು. ಒಳಗಿನ ಈ ತೇವವೇ ಬಿಸಿ ಎಣ್ಣೆಯಲ್ಲಿ ಆವಿಯಾಗಿ ಹಿಟ್ಟನ್ನು ಉಬ್ಬಿಸುವುದರಿಂದ, ಅದನ್ನು ಒಣ ಹಿಟ್ಟು ಹಾಕಿ ಕಳೆದುಕೊಳ್ಳಬಾರದು.

ಮುಚ್ಚಿಟ್ಟ ಹಿಟ್ಟು ದುಪ್ಪಟ್ಟಾಗಲು ಒಂದೂವರೆ ಗಂಟೆ ಬೇಕು, ಚಳಿಯ ದಿನಗಳಲ್ಲಿ ಇನ್ನೂ ಹೆಚ್ಚು. ಉಬ್ಬಿದ ಮೇಲೆ ಅದನ್ನು ಮತ್ತೆ ನಾದಬಾರದು. ಕೈಗೆ ಎಣ್ಣೆ ಸವರಿಕೊಂಡು ದೊಡ್ಡ ನಿಂಬೆ ಗಾತ್ರದ ಉಂಡೆಗಳನ್ನು ಮಾಡಿ, ಎಣ್ಣೆ ಸವರಿದ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಲಟ್ಟಣಿಗೆಯ ಕೆಲಸ ಇಲ್ಲಿಲ್ಲ; ಒತ್ತಿದರೆ ಗಾಳಿಯೆಲ್ಲ ಹೋಗುತ್ತದೆ. ಉಂಡೆಯ ಅಂಚನ್ನು ಎರಡೂ ಕೈಗಳ ಬೆರಳುಗಳಲ್ಲಿ ಹಿಡಿದು ಸುತ್ತ ತಿರುಗಿಸುತ್ತಾ ಹೋದರೆ ಅದು ತನ್ನ ಭಾರಕ್ಕೆ ತಾನೇ ಇಳಿಬಿದ್ದು ಅಂಗೈಯಗಲವಾಗುತ್ತದೆ. ನಡುಭಾಗ ಬೆಳಕಿಗೆ ಹಿಡಿದರೆ ಮಸುಕಾಗಿ ಕಾಣುವಷ್ಟು ತೆಳುವಾಗಬೇಕು, ತೂತು ಬಿದ್ದರೂ ಚಿಂತೆಯಿಲ್ಲ.

ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಥರ್ಮಾಮೀಟರ್ ಇಲ್ಲದವರು ಚೂರು ಹಿಟ್ಟು ಹಾಕಿ ನೋಡಬಹುದು. ಅದು ತಕ್ಷಣ ಗುಳ್ಳೆಗಳೊಡನೆ ಮೇಲೇಳಬೇಕು, ಆದರೆ ಕೂಡಲೇ ಕಪ್ಪಾಗಬಾರದು. ಹಿಟ್ಟಿನಲ್ಲಿ ಹಾಲು ಸಕ್ಕರೆ ಇರುವುದರಿಂದ ಬಣ್ಣ ಬೇಗ ಬರುತ್ತದೆ. ಹಾಗಾಗಿ ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಒಂದು ನಿಮಿಷ, ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹಾಕದೆ ಕರಿಯಿರಿ.

ಎಣ್ಣೆ ಸೋರಲು ಅರ್ಧ ನಿಮಿಷ ಬಿಟ್ಟು, ಬಿಸಿಯಿರುವಾಗಲೇ ಚಕ್ಕೆ ಪುಡಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಬೇಕು, ಆರಿದ ಮೇಲೆ ಸಕ್ಕರೆ ಅಂಟದು. ಮಲಸಾದಾ ಅಂದಂದೇ ತಿನ್ನುವ ತಿಂಡಿ. ಉಳಿದದ್ದನ್ನು ಮರುದಿನ ತವೆಯ ಮೇಲೆ ಬಿಸಿ ಮಾಡಲು ಹೋದರೆ ಹೊರಗಿನ ಸಕ್ಕರೆ ಮೊದಲು ಸೀಯುತ್ತದೆ.