ಲೈನು ಸರಿಯಿದ್ದೂ ತೆರೆಯದ ಜಾಲತಾಣಗಳು: ಡಿಎನ್‌ಎಸ್ ಬದಲಿಸಿದ ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ವಾರ, ಸಂಜೆಯಾದರೆ ಸಾಕು, ಕಂಪ್ಯೂಟರಿನಲ್ಲಿ ಯಾವ ಜಾಲತಾಣವೂ ತೆರೆದುಕೊಳ್ಳುತ್ತಿರಲಿಲ್ಲ. ಮಳೆಗೆ ಕಂಬದ ಮೇಲಿನ ಕೇಬಲ್ ಕೆಟ್ಟಿರಬೇಕೆಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಆಜ್ಞೆಗಳನ್ನು ಟೈಪಿಸುವ ಕಮಾಂಡ್ ಪ್ರಾಂಪ್ಟ್ ತೆರೆದು, ಗೂಗಲ್‌ನ ಸರ್ವರ್ ಆದ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿದರೆ (ಅಂದರೆ, ಉತ್ತರ ಬರುತ್ತದೆಯೇ ಎಂದು ಪುಟ್ಟ ಸಂದೇಶ ಕಳಿಸಿ ನೋಡಿದರೆ) ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. ಅಂಕಿಯ ಬದಲು ಜಾಲತಾಣದ ಹೆಸರು ಕೊಟ್ಟರೆ ಮಾತ್ರ ಹೋಸ್ಟ್ ಸಿಗಲಿಲ್ಲವೆಂಬ ಸಂದೇಶ ಬಂತು. ಅಲ್ಲಿಗೆ ಲೈನು ಸರಿಯಾಗಿದೆ, ಹೆಸರಿಗೆ ತಕ್ಕ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ ಎಂಬುದು ಖಚಿತವಾಯಿತು. ಆ ಸರ್ವರ್ ನಮಗೆ ಇಂಟರ್ನೆಟ್ ಸಂಪರ್ಕ ಕೊಟ್ಟವರದು. ದೂರು ಹೇಳಿದರೆ ‘ರೌಟರ್ ಬಂದ್ ಮಾಡಿ ಚಾಲೂ ಮಾಡ್ರಿ’ ಎಂಬ ಒಂದೇ ಮಾತು.

ನನ್ನದು ವಿಂಡೋಸ್ 10. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ವೈಫೈನ ಪ್ರಾಪರ್ಟೀಸ್ ತೆರೆದು, ಐಪಿ ಆವೃತ್ತಿ 4ರಲ್ಲಿ (ಅಂಕಿಯ ವಿಳಾಸಗಳ ಹಳೆಯ ಪದ್ಧತಿ) ಡಿಎನ್‌ಎಸ್ ವಿಳಾಸಗಳನ್ನಷ್ಟೇ 1.1.1.1 ಮತ್ತು 1.0.0.1 ಎಂದು ತುಂಬಿದೆ. ಇವು ಕ್ಲೌಡ್‌ಫ್ಲೇರ್ ಎಂಬ ಕಂಪನಿ 2018ರಿಂದ ಉಚಿತವಾಗಿ ನಡೆಸುತ್ತಿರುವ ಸರ್ವರ್‌ಗಳು. ಮೇಲಿನ ಐಪಿ ವಿಳಾಸದ ಭಾಗವನ್ನು ‘ತಾನಾಗಿಯೇ ಪಡೆ’ ಎಂದೇ ಬಿಟ್ಟಿದ್ದೆ. ಅದನ್ನು ಮುಟ್ಟಿದರೆ ಇದ್ದ ಸಂಪರ್ಕವೂ ಹೋದೀತು.

ಇಷ್ಟಾದರೂ ಪುಟಗಳು ಕುಂಟುತ್ತಲೇ ತೆರೆಯುತ್ತಿದ್ದವು. ಯಾವ ಡಿಎನ್‌ಎಸ್ ಸರ್ವರನ್ನು ಕೇಳಲಾಗುತ್ತಿದೆ ಎಂದು ತೋರಿಸುವ ಎನ್‌ಎಸ್‌ಲುಕಪ್ ಆಜ್ಞೆ ಕೊಟ್ಟು ನೋಡಿದಾಗ, ಉತ್ತರ ಕೊಡಬೇಕಾದ ಸರ್ವರ್ ಎಂದು ಅದು ತೋರಿಸಿದ್ದು ನಾನು ತುಂಬಿದ ಅಂಕಿಯನ್ನಲ್ಲ, ಎಫ್‌ಇ80 ಎಂದು ಆರಂಭವಾಗುವ ಉದ್ದನೆಯ ವಿಳಾಸವನ್ನು. ಅದು ನಮ್ಮ ರೌಟರಿನದೇ. ಐಪಿ ಆವೃತ್ತಿ 6ಕ್ಕೆ (ಉದ್ದನೆಯ ವಿಳಾಸಗಳ ಹೊಸ ಪದ್ಧತಿ) ಬೇರೆಯದೇ ಡಿಎನ್‌ಎಸ್ ಖಾನೆ ಇದ್ದು, ಅದು ಖಾಲಿ ಉಳಿದಿದ್ದರಿಂದ ರೌಟರ್ ತನ್ನ ವಿಳಾಸವನ್ನೇ ಅಲ್ಲಿಗೆ ಒದಗಿಸುತ್ತಿತ್ತು; ಕಂಪ್ಯೂಟರು ಮೊದಲು ಅದನ್ನೇ ಕೇಳಿ, ಕಾದು ಸೋತ ಮೇಲೆ ಇನ್ನೊಂದರತ್ತ ಹೊರಳುತ್ತಿತ್ತು. ಮುಂಬಾಗಿಲಿಗೆ ಹೊಸ ಬೀಗ ಹಾಕಿ ಹಿತ್ತಲ ಬಾಗಿಲನ್ನು ಮರೆತಂತಾಗಿತ್ತು ನನ್ನ ಕೆಲಸ. ಅಲ್ಲಿಯೂ 2606:4700:4700::1111 ಮತ್ತು 2606:4700:4700::1001 ಎಂದು ತುಂಬಿ, ಕಂಪ್ಯೂಟರು ನೆನಪಿಟ್ಟುಕೊಂಡಿದ್ದ ಹಳೆಯ ಉತ್ತರಗಳನ್ನು ಫ್ಲಶ್‌ಡಿಎನ್‌ಎಸ್ ಆಜ್ಞೆಯಿಂದ ಅಳಿಸಿದ ಮೇಲೆ ಪುಟಗಳು ತಡವಿಲ್ಲದೆ ತೆರೆದವು.

ಡೌನ್‌ಲೋಡ್ ವೇಗ ಮೊದಲಿದ್ದಷ್ಟೇ ಇದೆ. ಡಿಎನ್‌ಎಸ್ ಬದಲಿಸಿದರೆ ಅದು ಹೆಚ್ಚುವುದೂ ಇಲ್ಲ. ಮನೆಯ ಮೊಬೈಲುಗಳೂ ಟಿವಿಯೂ ಈಗಲೂ ರೌಟರ್ ತೋರಿಸಿದ ಸರ್ವರನ್ನೇ ಕೇಳುತ್ತಿವೆ. ರೌಟರಿನಲ್ಲಿಯೇ ಬದಲಿಸೋಣವೆಂದರೆ ಅದರ ಪಾಸ್‌ವರ್ಡ್ ಸಂಪರ್ಕ ಕೊಟ್ಟವರ ಹತ್ತಿರವಿದೆ, ಕೇಳಿದರೆ ಕೊಡುತ್ತಿಲ್ಲ.