ಮಕ್ಕಳ ಜೊತೆ ಒಬ್ಬರೇ ಊರಿಗೆ ಹೊರಟಿದ್ದೀರಾ?

ಜೂನ್ ಕೊನೆಗೆ ಕೆನಡಾದಲ್ಲಿ ಶಾಲೆ ಮುಗಿಯುತ್ತಿದ್ದ ಹಾಗೇ ನಮ್ಮ ಮನೆಗಳಲ್ಲಿ ಸೂಟ್‌ಕೇಸ್ ಕೆಳಗಿಳಿಯುತ್ತವೆ. ಗಂಡನಿಗೆ ರಜೆ ಇರುವುದಿಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೊದಲೇ ಹೊರಡುತ್ತಾಳೆ. ಇಲ್ಲವೇ ಊರಿಗೆ ವಾಪಸ್ ಹೊರಟ ಅಜ್ಜಿ ತಾತನ ಜೊತೆ ಮೊಮ್ಮಗನೂ ಹೋಗುತ್ತಾನೆ. ಟಿಕೆಟ್, ಓಸಿಐ (ವಿದೇಶಿ ಪೌರತ್ವ ಪಡೆದ ನಮ್ಮವರಿಗೆ ಭಾರತ ಕೊಡುವ ಕಾರ್ಡ್), ಹಂಚಲು ಚಾಕಲೇಟ್ ಎಲ್ಲ ನೆನಪಿರುತ್ತದೆ. ಒಪ್ಪಿಗೆ ಪತ್ರ ಮಾತ್ರ ಮರೆತುಹೋಗುತ್ತದೆ. ಮಗು ಹೊರಡುವುದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಜೊತೆಗೆ ಹೋಗದ ಅಪ್ಪನೋ ಅಮ್ಮನೋ ಬರೆದುಕೊಡುವ ಪತ್ರ ಅದು.

ನೆನಪಿಸಿದರೆ ಸಿಟ್ಟು ಬೇರೆ. 'ನನ್ನ ಮಗೂನ ನಾನು ಕರ್ಕೊಂಡು ಹೋಗೋಕೆ ಗಂಡನ ಪರ್ಮಿಶನ್ ಯಾಕೆ?' ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಅಪ್ಪ ಒಬ್ಬನೇ ಹೊರಟರೂ ಅಮ್ಮನ ಪತ್ರ ಬೇಕು. ಕೆನಡಾದ ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ, ಆದರೂ ಇಟ್ಟುಕೊಂಡೇ ಹೋಗಿ ಎಂದು ಸರ್ಕಾರ ಒತ್ತಿ ಹೇಳುತ್ತದೆ. ಸಂಸಾರ ಮುರಿದಾಗ ಒಬ್ಬರು ಮಗುವನ್ನು ಬೇರೆ ದೇಶಕ್ಕೆ ಕರೆದುಕೊಂಡು ಹೋಗಿಬಿಡುವುದುಂಟು. ಅಂಥ ಮಕ್ಕಳನ್ನು ವಾಪಸ್ ಕಳಿಸಲು 1980ರ ಹೇಗ್ ಒಪ್ಪಂದವಿದೆ. ಕೆನಡಾ ಅದರಲ್ಲಿದೆ, ಭಾರತ ಇಲ್ಲ. ಭಾರತಕ್ಕೆ ಹೊರಟ ಮಗುವನ್ನು ಕಂಡಾಗ ಎರಡು ಪ್ರಶ್ನೆ ಜಾಸ್ತಿ ಬಂದರೆ ಆಶ್ಚರ್ಯವೇನಿಲ್ಲ.

ಅದರ ಮೇಲೆ ನಮ್ಮ ಹೆಸರುಗಳು! ಅಪ್ಪ ಮಂಜುನಾಥ ಶಿವಣ್ಣ, ಅಮ್ಮ ಸುಮಾ ರಾಮೇಗೌಡ, ಮಗಳು ಅನನ್ಯಾ ಮಂಜುನಾಥ ಅಂದುಕೊಳ್ಳಿ. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಕೌಂಟರಿನಲ್ಲಿ ಕೂತವರ ಕಣ್ಣಿಗೆ ಇವರು ಸಂಬಂಧವೇ ಇಲ್ಲದ ಮೂರು ಜನ. ಹಾಗಾಗಿ ಜನನ ಪ್ರಮಾಣಪತ್ರವನ್ನೂ ಜೊತೆಗಿಡಿ. ಒಂಟಾರಿಯೊ ಪ್ರಾಂತ್ಯದಲ್ಲಿ ಅಪ್ಪ ಅಮ್ಮನ ಹೆಸರಿಲ್ಲದ್ದೂ ಕೊಡುತ್ತಾರೆ, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹೆಸರಿರುವುದನ್ನೇ ತರಿಸಿಕೊಳ್ಳಿ.

ಪತ್ರದ ನಮೂನೆ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ, ತುಂಬಿದರಾಯಿತು. ಅಜ್ಜಿ ತಾತನ ಜೊತೆ ಕಳಿಸುವುದಾದರೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿ.

ಎಡವುವುದು ಪತ್ರಕ್ಕೆ ನೋಟರಿ ಸೀಲ್ ಹಾಕಿಸುವಲ್ಲಿ. ಊರಿನ ಕೋರ್ಟ್ ಮುಂದೆ ಮರದ ಕೆಳಗಿನ ಟೇಬಲ್ಲಿಗೆ ಸಹಿ ಹಾಕಿದ ಕಾಗದ ಕೊಟ್ಟು ಯಾರನ್ನೋ ಕಳಿಸಿ, 'ಸೀಲ್ ಹೊಡೆಸ್ಕೊಂಡು ಬಾ' ಅನ್ನುವ ಅಭ್ಯಾಸ ನಮ್ಮದು. ಇಲ್ಲಿ ಆ ಆಟ ನಡೆಯುವುದಿಲ್ಲ. ಸಹಿ ಹಾಕುವವರೇ ಫೋಟೋ ಇರುವ ಗುರುತಿನ ಚೀಟಿ ತೋರಿಸಿ, ನೋಟರಿ ನೋಡುತ್ತಿರುವಾಗಲೇ ಸಹಿ ಮಾಡಬೇಕು. ಸಹಿ ಮಾಡಬೇಕಾದದ್ದು ಮನೆಯಲ್ಲಿ ಉಳಿಯುವವರು, ಪ್ರಯಾಣ ಮಾಡುವವರಲ್ಲ. ನಮ್ಮವರು ಇದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಮೂಲ ಪ್ರತಿಯೇ ಕೈಯಲ್ಲಿರಲಿ, ಫೋನಿನಲ್ಲಿರುವ ಫೋಟೋ ನಂಬಬೇಡಿ.

ಮಗುವಿಗೂ ಸ್ವಲ್ಪ ಹೇಳಿಟ್ಟಿರಿ. ಒಮ್ಮೆ ಟೊರಾಂಟೊ ವಿಮಾನ ನಿಲ್ದಾಣದಲ್ಲಿ ನನ್ನ ಮುಂದಿನ ಸಾಲಿನಲ್ಲಿ ಅಜ್ಜಿ ಮೊಮ್ಮಗ ಇದ್ದರು. ಕೌಂಟರಿನ ಹೆಂಗಸು ಬಗ್ಗಿ 'ಅಪ್ಪ ಎಲ್ಲಿ ಪುಟ್ಟಾ?' ಎಂದು ಕೇಳಿದಳು. 'ಅಪ್ಪ ಬರಲ್ಲ. ಅಪ್ಪಂಗೆ ಗೊತ್ತಿಲ್ಲ' ಎಂದಿತು ಮಗು. ಯಾವಾಗ ಬರುತ್ತೇನೆಂದು ಅಪ್ಪನಿಗೇ ಗೊತ್ತಿಲ್ಲ ಅನ್ನುವುದು ಅದರ ಲೆಕ್ಕ. ಇಂಗ್ಲಿಷ್ ಬಾರದ ಅಜ್ಜಿ ಪ್ರತಿ ಮಾತಿಗೂ ನಗುತ್ತಾ ತಲೆಯಾಡಿಸುತ್ತಿದ್ದರು. ಕೊನೆಗೆ ಕಾಪಾಡಿದ್ದು ಅವರ ವ್ಯಾನಿಟಿ ಬ್ಯಾಗಿನೊಳಗಿದ್ದ ಸೀಲ್ ಬಿದ್ದ ಕಾಗದ.

ಇಷ್ಟೆಲ್ಲ ಮಾಡಿ ಕಳಿಸುತ್ತೇವಲ್ಲ, ಮಕ್ಕಳು ಊರು ಮುಟ್ಟುವ ಹೊತ್ತಿಗೆ ಆಷಾಢ. ಮದುವೆ ಇಲ್ಲ, ಜಾತ್ರೆ ಇಲ್ಲ, ಮಾವು ಮುಗಿದಿರುತ್ತದೆ. ಕನ್ನಡದ ಮನೆಯ ಮದುವೆಯನ್ನೇ ನೋಡದ ಮಕ್ಕಳು ನಮ್ಮಲ್ಲಿ ಎಷ್ಟೋ. ಅವರಿಗೆ ಊರು ಅಂದರೆ ಮಳೆ ಮತ್ತು ಕರೆಂಟ್ ಹೋಗುವುದು. ಪ್ರಾಂತ್ಯ ನೋಡಿಕೊಂಡು 18 ಅಥವಾ 19 ತುಂಬಿದರೆ ಪತ್ರದ ಗೊಡವೆ ಮುಗಿಯಿತು. ಊರಿಗೆ ಹೋಗಬೇಕೋ ಬೇಡವೋ ಅನ್ನುವುದನ್ನೂ ಆಮೇಲೆ ಅವರೇ ನೋಡಿಕೊಳ್ಳುತ್ತಾರೆ. ನನ್ನ ದೊಡ್ಡವನಿಗೆ ಈ ಸಲ ಬೇಸಿಗೆ ಕೆಲಸ ಸಿಕ್ಕಿದೆ, ಬರುವುದಿಲ್ಲವಂತೆ. ಚಿಕ್ಕವಳದ್ದೊಂದೇ ಪತ್ರ ಮಾಡಿಸಬೇಕು.